ಅಪ್‌ಡೇಟ್: ಕರ್ನಲ್ ಲಾಗ್‌ನಲ್ಲಿ ಬಂದ ‘ಹಾರ್ಡ್‌ವೇರ್ ಎರರ್’ ಕಥೆ

ಹೋದ ತಿಂಗಳು ಇಲ್ಲಿ ಕೇಳಿದ್ದೆ: ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್‌ಗೆ ಲಿನಕ್ಸ್ ಹಾಕಿದರೆ ಅದರ ತಿರುಳಾದ ಕರ್ನಲ್ ಬರೆಯುವ ಲಾಗ್‌ನಲ್ಲಿ ‘ಹಾರ್ಡ್‌ವೇರ್ ಎರರ್’, ಜೊತೆಗೆ ‘ಯುವರ್ ಬಯಾಸ್ ಈಸ್ ಬ್ರೋಕನ್’ (ಬಯಾಸ್ ಅಂದರೆ ಮೆಷಿನ್ ಶುರುಮಾಡುವ ಫರ್ಮ್‌ವೇರ್, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಂತ ಬರುತ್ತಿದೆ, ಮೆಷಿನ್ ಎಸೆಯಬೇಕಾ ಅಂತ. ಎಸೆಯಲಿಲ್ಲ.

ಎರಡೂ ಬೇರೆ ಬೇರೆ ರೋಗ. ಮೊದಲನೆಯದು ರ್‍ಯಾಮ್. ಇದು ಇಸಿಸಿ ರ್‍ಯಾಮ್, ಒಂದು ಬಿಟ್ ತಪ್ಪಾದರೆ ತಾನೇ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಮೆಷಿನ್ ಒಮ್ಮೆಯೂ ಹ್ಯಾಂಗ್ ಆಗಿರಲಿಲ್ಲ. ನಾನು ಲಾಗ್‌ನಲ್ಲಿದ್ದ ‘ಕರೆಕ್ಟೆಡ್’ (ಸರಿಮಾಡಲಾಗಿದೆ) ಅನ್ನೋ ಪದ ಓದದೇ ಗಾಬರಿಯಾಗಿದ್ದೆ, ಅಷ್ಟೇ. ಅದರ ಕೆಳಗೇ ಎಡ್ಯಾಕ್ (ಮೆಮೊರಿ ತಪ್ಪು ವರದಿ ಮಾಡುವ ಕರ್ನಲ್ ಭಾಗ) ಸಾಲಿನಲ್ಲಿ ‘ಚಾನ್#1 ಡಿಐಎಂಎಂ#0’ ಅಂತ, ಅಂದರೆ ಯಾವ ಚಾನೆಲ್‌ನ ಯಾವ ಮೆಮೊರಿ ಕಡ್ಡಿ ಅಂತ, ವಿಳಾಸವೇ ಇತ್ತು! ನೀವು ಹೇಳಿದ ಹಾಗೆ ಆ ಕಡ್ಡಿಯನ್ನು ಪಕ್ಕದ ಚಾನೆಲ್‌ನ ಕಡ್ಡಿ ಜೊತೆ ಅದಲು ಬದಲು ಮಾಡಿದೆ. ಎರಡು ದಿನದ ನಂತರ ಎರರ್ ಕೂಡ ಹೊಸ ಜಾಗಕ್ಕೆ ಹೋಯಿತು. ಅಂದರೆ ಸ್ಲಾಟ್ ಚೆನ್ನಾಗಿದೆ, ಕಡ್ಡಿ ಕೆಟ್ಟಿದೆ. ಅಂಗಡಿಯವರು ಮೊದಲು ‘ಓಡ್ತಾ ಇದೆಯಲ್ಲ ಸಾರ್’ ಅಂದರು. ಲಾಗ್‌ನ ಪ್ರಿಂಟ್ ತೋರಿಸಿದ ಮೇಲೆ ಬದಲಿಸಿ ಕೊಟ್ಟರು.

ಬಯಾಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫರ್ಮ್‌ವೇರ್ ಕೊಟ್ಟ ಡಿಮಾರ್ ಟೇಬಲ್ (ಡಿವೈಸ್‌ಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಘಟಕದ ವಿವರ ಇರುವ ಪಟ್ಟಿ) ತಪ್ಪಿತ್ತು, ಕರ್ನಲ್ ಅದನ್ನು ಬೈದು ಪಕ್ಕಕ್ಕಿಟ್ಟು ಮುಂದೆ ಹೋಗುತ್ತಿತ್ತು. ಏನಾದರೂ ಎಡವಟ್ಟಾದರೆ ಕರ್ನಲ್ ಗುರುತು ಹಾಕಿಡುವ ‘ಟೇಂಟೆಡ್’ ಫೈಲ್‌ನಲ್ಲಿ 2048 ಇತ್ತು, ಫರ್ಮ್‌ವೇರ್ ತಪ್ಪಿಗೆ ತೇಪೆ ಹಾಕಿದ್ದೇನೆ ಅನ್ನೋ ಗುರುತು. ಬಯಾಸ್ ಅಪ್‌ಡೇಟ್ ಮಾಡಿದೆ (ಕರೆಂಟ್ ಹೋಗದಿರಲಿ ಅಂತ ಬೇಡಿಕೊಂಡು, ಯುಪಿಎಸ್ ಇಲ್ಲ ಅಲ್ವಾ!). ಈಗ ಅಲ್ಲಿ 0.