ಹಳೇ ಮರದ ನೆಲ: ಕಿಟಕಿ ಹತ್ತಿರ ಸಂದು ಬಿಟ್ಟಿದೆ, ಪೂರ್ತಿ ಉಜ್ಜಿಸಲಾ?

ಹಳೇಮನೆ:
ನೂರು ವರ್ಷ ದಾಟಿದ ಕಟ್ಟಡದಲ್ಲಿ ಒಂದು ಅಪಾರ್ಟ್‌ಮೆಂಟ್ ರಿಪೇರಿ ಮಾಡಿಸುತ್ತಿದ್ದೇವೆ. ಎತ್ತರದ ಕಿಟಕಿಗಳು, ಒಳ್ಳೇ ಬೆಳಕು. ಅದನ್ನು ನೋಡಿಯೇ ತಗೊಂಡಿದ್ದು. ಆದರೆ ಕಿಟಕಿ ಪಕ್ಕದ ಓಕ್ ಹಲಗೆಗಳ ನಡುವೆ ನಾಣ್ಯ ತೂರುವಷ್ಟು ಸಂದು. ಬಣ್ಣ ಮಾಸಿದೆ, ಕಾಲಿಟ್ಟರೆ ಕಿರ್ ಅನ್ನುತ್ತದೆ. ಹೂಕುಂಡ ಇದ್ದ ಜಾಗದಲ್ಲಿ ಕಪ್ಪು ಉಂಗುರ ಬೇರೆ. ಕೆಲಸದವರು ಮೆಷಿನ್‌ನಲ್ಲಿ ಉಜ್ಜಿ, ಸಂದಿಗೆ ಪುಟ್ಟಿ ತುಂಬಿ, ಪಾಲಿಶ್ ಹೊಡೆಯೋಣ ಅನ್ನುತ್ತಾರೆ. ಒಪ್ಪಲಾ?

ಉಳಿಸುತ್ತಿಗೆ:
ಸ್ವಲ್ಪ ತಡೆಯಿರಿ. ಬಿಸಿಲು ಬೀಳುವ ಕಡೆ ಮರ ಜಾಸ್ತಿ ಒಣಗಿ ಕುಗ್ಗುತ್ತದೆ, ತೇವದ ಕಾಲದಲ್ಲಿ ಮತ್ತೆ ಹಿಗ್ಗುತ್ತದೆ. ಪುಟ್ಟಿ ತುಂಬಿದರೆ ಆ ಚಲನೆಗೆ ಅದು ಪುಡಿಯಾಗಿ ಎದ್ದು ಬರುತ್ತದೆ. ಮನೆಯೊಳಗಿನ ತೇವಾಂಶ ಶೇ. 40ರಿಂದ 55ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ತೇವದ ಕಾಲದಲ್ಲೂ ಮುಚ್ಚದ ಸಂದಿಗೆ ಮಾತ್ರ ಅದೇ ಜಾತಿಯ ಮರದ ತೆಳು ಪಟ್ಟಿ ಕೂರಿಸಿ. ಅಂಟು ಒಂದೇ ಬದಿಗೆ ಹಚ್ಚಿ. ಎರಡೂ ಬದಿಗೆ ಹಚ್ಚಿದರೆ ಹಲಗೆಯೇ ಸೀಳಬಹುದು.

ಕಿರ್ ಸದ್ದು ಸಾಮಾನ್ಯವಾಗಿ ಸಡಿಲವಾದ ಮೊಳೆಗೆ ಹಲಗೆ ಉಜ್ಜುವುದರಿಂದ ಬರುತ್ತದೆ. ಕೆಳಗಿನ ತೊಲೆ ಎಲ್ಲಿದೆ ಅಂತ ಹುಡುಕಿ, ಮೊದಲು ತೂತು ಕೊರೆದು ಸ್ಕ್ರೂ ಬಿಗಿಯಿರಿ. ಅದಕ್ಕೂ ಮೊದಲು ಅಡಿಯಲ್ಲಿ ಪೈಪು, ವೈರು ಹೋಗಿದೆಯಾ ನೋಡಿಕೊಳ್ಳಿ.

ಮೆಷಿನ್ ಕೊನೆಯ ದಾರಿ. ಪ್ರತಿ ಸಲ ಉಜ್ಜಿದಾಗಲೂ ಹಲಗೆ ತೆಳುವಾಗುತ್ತದೆ, ಹೋದ ಮರ ವಾಪಸ್ ಬರಲ್ಲ. ಹೊಸ್ತಿಲ ಹತ್ತಿರ ಹಲಗೆಯ ಅಂಚು ಕಂಡರೆ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯಿರಿ. ಹಳೇ ಪಾಲಿಶ್ ಯಾವುದು ಅಂತ ತಿಳಿಯಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ (ಆಲ್ಕೋಹಾಲ್) ಬಿಟ್ಟು ಏನಾಯಿತು ಹೇಳಿ.

ಹಳೇಮನೆ:
ಹನಿ ಬಿಟ್ಟ ಜಾಗ ಮೆತ್ತಗಾಗಿ ಬೆರಳಿಗೆ ಅಂಟಿತು. ಗೋಡೆಯಂಚಿನ ಹಲಗೆಗಳ ಮೇಲೆ ಹಳೇ ಪೇಂಟೂ ಇದೆ.

ಉಳಿಸುತ್ತಿಗೆ:
ಹಾಗಾದರೆ ಅದು ಶೆಲ್ಲಾಕ್, ಅಂದರೆ ಅರಗಿನ ಪಾಲಿಶ್. ಒಳ್ಳೇ ಸುದ್ದಿ! ಮೇಣ ಇದ್ದರೆ ತೆಗೆದು, ಕೊಳೆ ಒರೆಸಿ, ನಯವಾದ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಮೇಲೆ ಹೊಸ ಶೆಲ್ಲಾಕ್ ಹಚ್ಚಬಹುದು. ಹೊಸ ಪದರ ಹಳೆಯದರ ಜೊತೆ ಬೆರೆತುಕೊಳ್ಳುತ್ತದೆ. ನೀರು ನಿಂತರೆ ಮಾತ್ರ ಬಿಳಿ ಕಲೆ ಬೀಳುತ್ತದೆ, ತಕ್ಷಣ ಒರೆಸಬೇಕು. ಆ ಪೇಂಟನ್ನು ಮಾತ್ರ ಸೀಸದ ಪರೀಕ್ಷೆ ಮಾಡಿಸದೆ ಮುಟ್ಟಬೇಡಿ. ಸೀಸದ ಧೂಳು ಮಕ್ಕಳಿಗೆ ತುಂಬಾ ಅಪಾಯ.

ಬಣ್ಣದಬಟ್ಟಲು:
ಕಪ್ಪು ಉಂಗುರಕ್ಕೆ ಆಕ್ಸಾಲಿಕ್ ಆಸಿಡ್ ಕೆಲಸ ಮಾಡುತ್ತದೆ. ನೀರು ಇಳಿದಾಗ ಕಬ್ಬಿಣವೂ ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೂ ಸೇರಿ ಆಗುವ ಕಲೆ ಅದು. ಆ ಜಾಗದ ಪಾಲಿಶ್ ತೆಗೆದು ಹಚ್ಚಿ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಕೈಗವಸು, ಕನ್ನಡಕ ಬೇಕೇ ಬೇಕು.

ಹಳೇಮನೆ:
ಕಿಟಕಿಗೆ ಯುವಿ ಫಿಲ್ಮ್ (ಅತಿನೇರಳೆ ಕಿರಣ ತಡೆಯುವ ಹಾಳೆ) ಅಂಟಿಸಿದರೆ ಬಣ್ಣ ಮಾಸುವುದು ನಿಲ್ಲುತ್ತಾ?

ಉಳಿಸುತ್ತಿಗೆ:
ನಿಧಾನವಾಗುತ್ತದೆ, ಪೂರ್ತಿ ನಿಲ್ಲಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಮಾಸಿಸುತ್ತದೆ. ಬಿಸಿಲು ಜೋರಿದ್ದಾಗ ತೆಳು ಪರದೆ ಎಳೆಯಿರಿ, ಜಮಖಾನೆಯನ್ನು ಆಗಾಗ ಸರಿಸುತ್ತಿರಿ. ಬೆಳಕಿಗಾಗಿ ತಗೊಂಡ ಮನೆ, ದಪ್ಪ ಪರದೆ ಹಾಕಿ ಕತ್ತಲು ಮಾಡಿಕೊಳ್ಳಬೇಡಿ.