ಮಲೇರಿಯಾ ಪ್ರಪಂಚದಿಂದ ನಿಜವಾಗಿಯೂ ಹೋಗುತ್ತಾ?

ಸೈಟ್ ಸೂಪರ್‌ವೈಸರ್, ಮಂಗಳೂರು:
ಜೂನ್‌ನಲ್ಲಿ ನನಗೆ ಮಲೇರಿಯಾ ಬಂತು, ವಾಸಿಯಾಯಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಚಳಿ, ಅದೇ ನಡುಕ. ಎರಡು ಸಲವೂ ರಿಪೋರ್ಟ್‌ನಲ್ಲಿ ವೈವಾಕ್ಸ್, ಮಲೇರಿಯಾದ ಒಂದು ಜಾತಿಯಂತೆ. ಮಲಗಿದ್ದಲ್ಲೇ ಮೊಬೈಲ್‌ನಲ್ಲಿ ಓದುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1955ರಲ್ಲೇ ಇದನ್ನು ಬೇರುಸಮೇತ ತೆಗೆಯಲು ಹೊರಟಿತ್ತಂತೆ. ಆದರೂ 2023ರಲ್ಲಿ ಸುಮಾರು 26 ಕೋಟಿ ಕೇಸ್, 6 ಲಕ್ಷದ ಹತ್ತಿರ ಸಾವು. ಇಷ್ಟು ವರ್ಷದ ದುಡ್ಡು, ದುಡಿಮೆ ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಾ? ಈ ಕೆಲಸ ಹತ್ತಿರದಿಂದ ನೋಡಿದವರಿದ್ದರೆ ಹೇಳಿ.

ನಿವೃತ್ತ ಆರೋಗ್ಯ ಸಹಾಯಕ, ಶಿರಸಿ ಕಡೆ:
ತಮ್ಮಾ, ಮೊದಲು ನಿನ್ನ ಜ್ವರದ ವಿಷಯ. ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಕಾಯುತ್ತದೆ. ಜ್ವರ ಬಿಟ್ಟ ಮೇಲೂ 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುವುದು ಅದಕ್ಕೇ. ಮೊದಲ ಸಲ ಪೂರ್ತಿ ಮುಗಿಸಿದ್ದೆಯಾ? ಡಾಕ್ಟರ್ ಹತ್ತಿರ ಇವತ್ತೇ ಮಾತಾಡು.

ಇನ್ನು ನಿನ್ನ ಪ್ರಶ್ನೆ. ನಾನು 34 ವರ್ಷ ಮನೆಮನೆಗೆ ಹೋಗಿ ರಕ್ತದ ಸ್ಲೈಡ್ ತೆಗೆದವನು. ಎಲ್ಲಾ ವ್ಯರ್ಥ ಅಂದರೆ ನಾನು ಒಪ್ಪುವುದಿಲ್ಲ. ನಮ್ಮಜ್ಜಿ ಕಾಲದಲ್ಲಿ ಘಟ್ಟದ ಮೇಲಿನ ಮನೆಗೆ ಹೆಣ್ಣು ಕೊಡಲು ಕೆಳಗಿನವರು ಹಿಂದೆಮುಂದೆ ನೋಡುತ್ತಿದ್ದರಂತೆ. ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಗಡ್ಡೆ, ಅಂದರೆ ಮಲೇರಿಯಾದಿಂದ ಊದಿದ ಗುಲ್ಮ, ಕೈಗೆ ಸಿಗುತ್ತಿತ್ತು. 1946ರ ಸುಮಾರಿಗೆ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಅವರು ಕೆನರಾ (ಈಗಿನ ಉತ್ತರ ಕನ್ನಡ), ಧಾರವಾಡ ಜಿಲ್ಲೆಗಳಲ್ಲಿ ಮನೆಗಳ ಗೋಡೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಮದ್ದು ಹೊಡೆಸಿದರು. ಆಮೇಲೆ ದೇಶದ ತುಂಬ ಅದೇ ನಡೆಯಿತು. 1947ರಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜಿದ್ದ ಕೇಸ್ 1965ಕ್ಕೆ ಸುಮಾರು 1 ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ.

ಶ್ರೀಲಂಕಾದ್ದು ಇನ್ನೂ ಸಂಕಟದ ಕಥೆ. 1963ರಲ್ಲಿ ಇಡೀ ದ್ವೀಪದಲ್ಲಿ ಬರೀ 17 ಕೇಸ್. ಗೆದ್ದೆವು ಅಂದುಕೊಂಡು ಮದ್ದು ಹೊಡೆಯುವುದನ್ನು ನಿಲ್ಲಿಸಿದರು. 1969ರಲ್ಲಿ 5 ಲಕ್ಷಕ್ಕೂ ಜಾಸ್ತಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಆ ಕಾರ್ಯಕ್ರಮ ಕೈಬಿಟ್ಟಿತು. ಸಹಾರಾದ ಕೆಳಗಿನ ಆಫ್ರಿಕಾವನ್ನು ಮೊದಲಿನಿಂದಲೇ ಹೆಚ್ಚುಕಡಿಮೆ ಹೊರಗಿಟ್ಟಿದ್ದರು. ಅತಿ ಹೆಚ್ಚು ಸಾವು ಇದ್ದದ್ದೇ ಅಲ್ಲಿ. ಅದು ದೊಡ್ಡ ತಪ್ಪು, ನನಗೆ ಇವತ್ತಿಗೂ ಹೊಟ್ಟೆಯುರಿಯುತ್ತದೆ.

ಸ್ಲೈಡ್ ಅಂದರೆ ಏನು ಗೊತ್ತಾ? ಉಂಗುರ ಬೆರಳು ಚುಚ್ಚಿ, ಗಾಜಿನ ಮೇಲೆ ಒಂದು ದಪ್ಪ ಲೇಪನ, ಪಕ್ಕದಲ್ಲಿ ಒಂದು ತೆಳು ಲೇಪನ. ಒಣಗಿದ ಮೇಲೆ ತೆಳು ಲೇಪನದ ಮೇಲೆಯೇ ಪೆನ್ಸಿಲ್‌ನಲ್ಲಿ ನಂಬರ್. ಸಾವಿರ ತೆಗೆದರೂ ಒಂದೂ ಪಾಸಿಟಿವ್ ಬರದ ವರ್ಷ ಇರುತ್ತದೆ. ಆಗ "ಯಾಕ್ರೀ ಸುಮ್ನೆ ಚುಚ್ತೀರಿ" ಅಂತ ಮನೆಯವರು ಬೈಯುತ್ತಾರೆ. ಮೇಲಿನಿಂದ ಬರುವ ದುಡ್ಡೂ ಕಡಿಮೆಯಾಗುತ್ತದೆ. ಕೆಲಸ ಕೆಡುವುದು ಅಲ್ಲೇ. ಎರಡನೇ ಸಲ ಶ್ರೀಲಂಕಾದವರು ಯುದ್ಧದ ನಡುವೆಯೂ ರಕ್ತ ಪರೀಕ್ಷೆ ಬಿಡಲಿಲ್ಲ. 2012ರಲ್ಲಿ ಕೊನೆಯ ಸ್ಥಳೀಯ ಕೇಸ್, 2016ರಲ್ಲಿ ಮಲೇರಿಯಾ ಮುಕ್ತ ಅಂತ ಪ್ರಮಾಣಪತ್ರ. ಹೊರದೇಶದಿಂದ ಜ್ವರ ಹೊತ್ತು ಬಂದವರನ್ನು ಈಗಲೂ ಹುಡುಕುತ್ತಾರೆ.

ಇಥಿಯೋಪಿಯಾದಲ್ಲಿ ಮೇಷ್ಟ್ರು:
ಹಿರಿಯರ ಮಾತಿಗೆ ಒಂದು ಸೇರಿಸುತ್ತೇನೆ. ಆಫ್ರಿಕಾದಲ್ಲಿ 2000ದಿಂದ ಈಚೆಗೆ ಮದ್ದು ಹಾಕಿದ ಸೊಳ್ಳೆಪರದೆ ಬಹಳ ಜೀವ ಉಳಿಸಿದೆ. ಈಗ ಮಕ್ಕಳಿಗೆ ಲಸಿಕೆಯೂ ಬಂದಿದೆ. ಆರ್21 ಲಸಿಕೆ ತಯಾರಾಗುವುದು ಪುಣೆಯಲ್ಲಿ. ಆದರೆ ನಮ್ಮ ಕಡೆಯ ಊರುಗಳ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ, ಇಲ್ಲಿಗೂ ಬಂದುಬಿಟ್ಟಿದೆ. ಪಕ್ಕದ ಜಿಬೂಟಿಯಲ್ಲಿ 2012ರಲ್ಲಿ ಅದು ಸಿಕ್ಕಿತು. ಆ ವರ್ಷ ಅಲ್ಲಿ 27 ಕೇಸ್. 2020ಕ್ಕೆ 70 ಸಾವಿರ ದಾಟಿತು. ಪಟ್ಟಣದ ಡ್ರಮ್, ಟ್ಯಾಂಕ್‌ಗಳಲ್ಲಿ ಅದು ಮೊಟ್ಟೆ ಇಡುತ್ತದೆ. ಸಂಜೆ ಹೊರಗೆ ಕೂತವರನ್ನೂ ಕಚ್ಚುತ್ತದೆ. ಅದಕ್ಕೆ ಪರದೆ ಒಂದೇ ಸಾಲದು.

ಸೈಟ್ ಸೂಪರ್‌ವೈಸರ್, ಮಂಗಳೂರು:
ಸರ್, ಜ್ವರ ಬಿಟ್ಟಿತು ಅಂತ ಐದನೇ ದಿನಕ್ಕೇ ಮಾತ್ರೆ ಬಿಟ್ಟಿದ್ದೆ. ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗುತ್ತೇನೆ. ಸೈಟ್‌ನ ಲಿಫ್ಟ್ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿದೆ. ಶೆಡ್‌ನಲ್ಲಿ ಒಡಿಶಾದ 12 ಜನ ಮಲಗುತ್ತಾರೆ, ಪರದೆ ಇಲ್ಲ. ಏನು ಮಾಡಲಿ?

ನಿವೃತ್ತ ಆರೋಗ್ಯ ಸಹಾಯಕ, ಶಿರಸಿ ಕಡೆ:
ಗುಂಡಿಯ ನೀರನ್ನು ಇವತ್ತೇ ಪಂಪ್ ಹಚ್ಚಿ ಖಾಲಿ ಮಾಡಿಸು. ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ, ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ನಿಲ್ಲಿಸಿದ ನೀರನ್ನೂ ವಾರಕ್ಕೊಮ್ಮೆ ಪೂರ್ತಿ ಬಿಟ್ಟು ಒಣಗಿಸು. ಟ್ಯಾಂಕ್‌ಗೆ ಮುಚ್ಚಳ ಹಾಕಿಸು. ಆ 12 ಜನರನ್ನೂ ರಕ್ತ ಪರೀಕ್ಷೆಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗು. ಜ್ವರ ಇಲ್ಲದವರನ್ನೂ ಬಿಡಬೇಡ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬರಿ, ಕಾಯುತ್ತಿರುತ್ತೇನೆ.