ಸಹಾಯ ಬೇಕು: ವೈರ್‌ಲೆಸ್ ಮೌಸ್ ತಡವರಿಸುತ್ತಿದೆ, ವೈರ್ ಇರೋದೇ ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ವೈರ್‌ಲೆಸ್ ಮೌಸ್ ನಡುನಡುವೆ ತಡವರಿಸುತ್ತಿದೆ. ಸೀರೆ ಅಂಚಿನ ಗುಂಟ ಫೋಟೋ ಕಟ್ ಮಾಡುವಾಗ ಕರ್ಸರ್ ಒಂದು ಕ್ಷಣ ನಿಂತು, ಪಟ್ಟನೆ ಮದುಮಗಳ ಕೈ ಮೇಲೆ ಹಾರುತ್ತದೆ. ಅಷ್ಟೂ ಕೆಲಸ ಮತ್ತೆ ಮಾಡಬೇಕು, ತುಂಬಾ ಬೇಜಾರಾಗುತ್ತದೆ.

ಹೊಸ ಸೆಲ್ ಹಾಕಿದೆ, ಸೆನ್ಸರ್ ಒರೆಸಿದೆ, ಮೌಸ್ ಪ್ಯಾಡ್ ಬದಲಿಸಿದೆ. ಪ್ರಯೋಜನ ಆಗಲಿಲ್ಲ. ಅದೇ ಮೌಸ್ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡುತ್ತದೆ!

ಫೋಟೋ ಕಾಪಿ ಮಾಡಲು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹಾಕಿದಾಗ ಕಾಟ ಜಾಸ್ತಿ. ಮೌಸಿನ ರಿಸೀವರ್ (ಸಿಗ್ನಲ್ ಹಿಡಿಯುವ ಚಿಕ್ಕ ಯುಎಸ್‌ಬಿ ತುಂಡು) ಸಿಪಿಯು ಹಿಂದೆ, ಡಿಸ್ಕಿನ ಪಕ್ಕದ ಪೋರ್ಟ್‌ನಲ್ಲೇ ಇದೆ. ಯುಎಸ್‌ಬಿ 3.0 ಸಾಧನಗಳು ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿ ಮಾಡುತ್ತವಂತೆ. ಸರಿ, ಆದರೆ ಡಿಸ್ಕ್ ತೆಗೆದ ಮೇಲೂ ಆಗಾಗ ತಡವರಿಸುತ್ತದಲ್ಲ, ಅದೇ ಅರ್ಥವಾಗುತ್ತಿಲ್ಲ. ವೈಫೈ ರೂಟರ್ ಕೂಡ ಅದೇ ಟೇಬಲ್ ಮೇಲಿದೆ, ಅದೂ 2.4ರಲ್ಲೇ. ಅದರಿಂದ ಇರಬಹುದಾ?

ವೈರ್ ಮೌಸ್‌ಗೆ ಈ ರಗಳೆ ಇಲ್ಲ, ಸೆಲ್ ಖರ್ಚೂ ಇಲ್ಲ. ಆದರೆ ಚಿಕ್ಕ ಟೇಬಲ್, ವೈರ್ ಕೀಬೋರ್ಡಿಗೆ ಸಿಕ್ಕಿ ಕೈ ಎಳೆಯುತ್ತದೆ.

ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೌಸ್ ಹತ್ತಿರ ತಂದರೆ ಸರಿಹೋಗುತ್ತದಾ, ಇಲ್ಲಾ ಸುಮ್ನೆ ವೈರ್ ಮೌಸ್ ತಗೊಳ್ಳೋದೇ ಒಳ್ಳೆಯದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.